ಕೂಸಿನ ಕೌದಿಗೆ ಒಂದು ತುಂಡು ಸೆರಗು

ಬೆಳ್ಳಿ ಪಲ್ಲಕ್ಕಿ, ದೊಡ್ಡ ಪೀಠ ಇದ್ದ ಊರವರು ಇರಲಿ. ನಮ್ಮ ಬೆಂಚಿಹಾಳದಲ್ಲಿ ಪೂಜ್ಯ ಶಿವಗಂಗಮ್ಮ ತಾಯಿಯವರಿದ್ದರು. ಅಂಥವರು ಸುತ್ತ ಹತ್ತೂರಲ್ಲಿ ಹುಟ್ಟಿಲ್ಲ, ಬೇಕಾದವರು ವಾದಕ್ಕೆ ಬರಲಿ. ಮಠವೆಂದರೆ ಒಂದು ತಗಡಿನ ಕೋಣೆ. ಅದರ ಮುಂದೆ ಕುಳಿತು ತಾಯಿಯವರು ಹಳೇ ಬಟ್ಟೆಯ ಕೌದಿ ಹೊಲಿದುಕೊಡುತ್ತಿದ್ದರು. ಹುಟ್ಟುವ ಕೂಸಿನ ಕೌದಿಗೆ ಮನೆಮಂದಿಯೆಲ್ಲರದೂ ಒಂದೊಂದು ತುಂಡು ಸೇರಬೇಕು. ಅದು ನಮ್ಮ ಕಡೆಯ ವಾಡಿಕೆ. ಮುಂದಿನದು ನಾನು ಕಣ್ಣಾರೆ ಕಂಡದ್ದು.

ಸೊಸೆ ತುಂಬಿದ ಬಸುರಿ ಎಂದು ಫಕೀರವ್ವ ಬಟ್ಟೆಯ ಗಂಟು ತಂದಿದ್ದಳು. ಅವಳ ಮಗಳು ದ್ಯಾಮವ್ವ ದೂರದಲ್ಲೇ ಕುಳಿತಳು. ಗಂಡನಿಂದ ಎಚ್‌ಐವಿ ತಗುಲಿ, ಅವನು ಸತ್ತ ಮೇಲೆ ತವರಿಗೆ ಬಂದವಳು. ತವರಲ್ಲಿ ಅವಳಿಗೆ ದನದ ಕೊಟ್ಟಿಗೆ.

ತಾಯಿಯವರು ಗಂಟು ಬಿಚ್ಚಿ ಕೇಳಿದರು: "ಇದರಾಗ ಮಗಳದು ಯಾವುದು?"

ಫಕೀರವ್ವ ನೆಲ ನೋಡಿದಳು. "ಅಕಿ ಅರಬಿ-ಬಟ್ಟಿ ಎಲ್ಲಾ ಸುಟ್ಟೀವ್ರಿ."

"ಅರಬಿಯಿಂದ ರೋಗ ಹತ್ತೂದಿಲ್ಲಂತ ಡಾಕ್ಟರು ಹೇಳಿಲ್ಲೇನು?"

"ಹೇಳ್ಯಾರ್ರಿ. ಸೊಸಿ ಕೇಳಬೇಕಲ್ಲ."

ದ್ಯಾಮವ್ವನೇ ನಡುವೆ ಬಾಯಿ ಹಾಕಿದಳು. "ನಂದು ಬ್ಯಾಡ್ರಿ ತಾಯಿ. ನಾ ಗುಳಿಗಿ ಸುದ್ದಾ ಬಿಟ್ಟೀನಿ. ಲಗೂ ಹೋದಷ್ಟು ಎಲ್ಲಾರಿಗೂ ಚಲೋ."

ಅಳಲಿಲ್ಲ. ಬಾವಿಯಲ್ಲಿ ನೀರಿಲ್ಲ ಎಂಬಂತೆ ಹೇಳಿದಳು.

ತಾಯಿಯವರು ಸೂಜಿ ಕೆಳಗಿಟ್ಟು ಫಕೀರವ್ವನ ಕಡೆ ತಿರುಗಿದರು. "ಹಂಗಾರ ಈ ಕೌದಿ ನಾ ಹೊಲಿಯಾಂಗಿಲ್ಲ. ಹಡದಾಕಿ ನೀ, ಅಕಿ ತುಂಡು ನೀನ ಕೊಡು."

ಫಕೀರವ್ವ ಎದ್ದಳು. ಅಳಿಯನ ಹೆಣ ಎತ್ತಿದಂದಿನಿಂದ ಮಗಳನ್ನು ಮುಟ್ಟದವಳು, ಅವಳು ಉಟ್ಟ ಸೀರೆಯ ಸೆರಗು ಹಿಡಿದು ಹಲ್ಲಿನಿಂದ ಹರಿಯತೊಡಗಿದಳು.

"ಹರೀಬ್ಯಾಡ ಯವ್ವ," ಎಂದಳು ದ್ಯಾಮವ್ವ. "ಇದೊಂದ ಐತಿ."

"ಸಾಯಾಕಿಗೆ ಸೀರಿ ಚಿಂತಿ ಯಾಕ?" ಎಂದರು ತಾಯಿಯವರು, ಮೆಲ್ಲಗೆ.

ದ್ಯಾಮವ್ವ ಆಗ ಅತ್ತುಬಿಟ್ಟಳು. ಅವ್ವ ಸೆರಗು ಬಿಡಲಿಲ್ಲ, ಹರಿಯಲೂ ಇಲ್ಲ. ಅದರಲ್ಲೇ ಮುಖ ಹುದುಗಿಸಿ ಕುಸಿದಳು. ಕೊನೆಗೆ ಮಗಳೇ ಅಂಚು ಹರಿದು ಕೊಟ್ಟಳು.

"ಸೊಸಿ ಇದನ್ನ ಕೂಸಿಗೆ ಹೊದಸಲಿಲ್ಲಂದ್ರ?" ಎಂದಳು ಫಕೀರವ್ವ.

"ನೀವಿಬ್ಬರೂ ಹೊದ್ಕೊಳ್ರಿ."

ಸುಳ್ಳು ಹೇಳಲಾರೆ, ರೋಗ ಹೋಗಲಿಲ್ಲ. ದ್ಯಾಮವ್ವನ ಮುಖದಲ್ಲಿ ನಗೆಯೂ ಬರಲಿಲ್ಲ. ಹೊರಡುವಾಗ ಫಕೀರವ್ವ ಕೇಳಿದಳು, "ಗುಳಿಗಿ ಎಲ್ಲಿ ಇಟ್ಟೀ?"

"ಕೊಟಗ್ಯಾಗ, ಹಾಸಿಗಿ ಬುಡಕ."

"ಹಾಸಿಗಿ ಮನಿಯೊಳಗ ತಗೊಂಡ ಬಾ," ಎಂದು ಅವ್ವ ಮಗಳ ಕೈ ಹಿಡಿದಳು.