ದೀಪ ಹಚ್ಚಿದ ಮೇಲೆ ಕೊಟ್ಟ ಸಾಲ

ಬನ್ನಿ, ಹತ್ತಿರ ಕೂತುಕೊಳ್ಳಿ. ಮೊದಲೇ ಹೇಳಿಬಿಡುತ್ತೇನೆ, ಇದು ನಗಿಸುವ ಕಥೆಯಲ್ಲ. ನಗಬೇಕೆನ್ನುವವರು ಈಗಲೇ ಎದ್ದು ಹೋಗಿ ಆಟ ಆಡಿ.

ಒಂದು ರಾಜ್ಯದಲ್ಲಿ ಬಸಲಿಂಗ ಎಂಬ ನೇಕಾರನಿದ್ದ. ಅವನ ಹೆಂಡತಿ ನೀಲವ್ವ. ಮನೆಯಲ್ಲಿ ಒಂದು ಮಗ್ಗ, ಕೊಟ್ಟಿಗೆಯಲ್ಲಿ ಒಂದು ಹಸು. ಮಗ್ಗ ಆಡಿದರೆ ಒಲೆ ಉರಿಯುತ್ತಿತ್ತು. ಹಸು ಹಾಲು ಕೊಟ್ಟರೆ ಮಜ್ಜಿಗೆ ಇರುತ್ತಿತ್ತು. ಇಬ್ಬರಿಗೂ ಅಷ್ಟೇ ಸಾಕಾಗಿತ್ತು.

ಆದರೆ ಬಸಲಿಂಗನಿಗೆ ಒಂದು ಹುಚ್ಚು, ಅಡಕತ್ತರಿ ಕೂಡಿಡುವ ಹುಚ್ಚು. ಅವನು ಅಡಿಕೆ ತಿನ್ನುವವನೇ ಅಲ್ಲ. ಆದರೂ ಗೋಡೆಯ ಗೂಡಿನ ತುಂಬ ಹಿತ್ತಾಳೆಯ ಅಡಕತ್ತರಿಗಳು. ಗಿಳಿಯ ಆಕಾರದ್ದೊಂದು, ನವಿಲಿನದೊಂದು, ಕುದುರೆಯದೊಂದು. ಸಂಜೆ ಮಗ್ಗದಿಂದ ಎದ್ದವನೇ ಹುಣಸೆಹಣ್ಣು ಹಚ್ಚಿ ಅವನ್ನು ಫಳಫಳ ತಿಕ್ಕುತ್ತಿದ್ದ. ನೀಲವ್ವ ನೋಡಿ ನಗುತ್ತಿದ್ದಳು. ಕೈಯಲ್ಲಿ ಕಾಸು ಉಳಿದಾಗ ಕೊಂಡವು ಅವೆಲ್ಲ, ನಗುವುದಕ್ಕೆ ಅಡ್ಡಿ ಇರಲಿಲ್ಲ.

ಒಂದು ದಿನ ಊರೂರು ತಿರುಗುವ ವ್ಯಾಪಾರಿಯೊಬ್ಬ ಬಂದ. ಗಂಟು ಬಿಚ್ಚಿ ಒಂದು ಅಡಕತ್ತರಿ ಹೊರಗೆ ತೆಗೆದ. ಗಂಡಹೆಂಡಿರ ರೂಪದ ಅಡಕತ್ತರಿ ಅದು. ತೆರೆದರೆ ಇಬ್ಬರೂ ದೂರ ಹೋಗುತ್ತಾರೆ, ಮುಚ್ಚಿದರೆ ಒಬ್ಬರಿಗೊಬ್ಬರು ಒರಗಿ ನಿಲ್ಲುತ್ತಾರೆ. ಬಸಲಿಂಗ ತೆರೆದ, ಮುಚ್ಚಿದ, ಮತ್ತೆ ತೆರೆದ. ಅಲ್ಲಿಗೆ ಅವನ ಕಥೆ ಮುಗಿಯಿತು ಅನ್ನಿ.

"ಒಂದು ಚೀಲ ಬೆಳ್ಳಿ ನಾಣ್ಯ. ನಾಳೆ ಮುಂಜಾನಿ ನಾ ಹೊಂಟೆ. ಮತ್ತ ಈ ಕಡೆ ಬರಂಗಿಲ್ಲ," ಎಂದ ವ್ಯಾಪಾರಿ.

"ಬ್ಯಾಡ್ರಿ," ಎಂದಳು ನೀಲವ್ವ. "ಗಿಳಿ ಐತಿ, ನವಿಲ ಐತಿ, ಕುದುರಿ ಐತಿ. ಇನ್ನೇನ್ ಬೇಕ್ರಿ?"

"ಜೋಡಿ ಇಲ್ಲಲ್ಲ ನೀಲಿ."

"ಜೋಡಿಗೆ ನಾವಿಬ್ಬರು ಇಲ್ಲೇನ್ರಿ?"

ಬಸಲಿಂಗನ ಕಿವಿಗೆ ಅದು ಬೀಳಲಿಲ್ಲ. ಸಾಹುಕಾರ ಕೊಟ್ರಪ್ಪನ ಮನೆಗೆ ಓಡಿದ. ಆಗಲೇ ಸಂಜೆಯ ದೀಪ ಹಚ್ಚಿ ಆಗಿತ್ತು. ಸಾಹುಕಾರ ಎರಡನೆಯ ಮಾತಿಲ್ಲದೆ ಚೀಲ ತಂದು ಕೈಗಿಟ್ಟ.

"ಅಮಾಸಿಗೊಮ್ಮೆ ಬಡ್ಡಿ ಕೊಡು. ತಪ್ಪಿದರ ನಾ ಕೇಳಿದ್ದು ಕೊಡಬೇಕು."

"ಆತ್ರಿ ಸಾವ್ಕಾರ್ರ," ಎಂದ ಬಸಲಿಂಗ.

ಅವನು ಮನೆಗೆ ತಂದ ಚೀಲದ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ನೀಲವ್ವನಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಹರಿದದ್ದು ಕಂಡರೆ ನೇಕಾರರ ಕೈ ಸುಮ್ಮನಿರುತ್ತದೆಯೇ? ಮಗ್ಗದ ಕೆಂಪು ರೇಷ್ಮೆ ಎಳೆ ತೆಗೆದು, ಎಳೆ ಜೋಡಿಸುವ ಗಂಟು ಹಾಕಿ ಬಿಗಿದಳು. ಬೆಳಗಾಗುತ್ತಲೇ ವ್ಯಾಪಾರಿ ಆ ಚೀಲ ಹೊತ್ತು ಹೋದ. ಅಡಕತ್ತರಿ ಗೂಡು ಸೇರಿತು.

ಮೊದಲ ಅಮಾವಾಸ್ಯೆ ಬಂತು. ಬಡ್ಡಿ ಹುಟ್ಟಲಿಲ್ಲ. ಸಾಹುಕಾರ ಹಸು ಹೊಡೆದುಕೊಂಡು ಹೋದ.

ಎರಡನೆಯ ಅಮಾವಾಸ್ಯೆ ಬಂತು. ಬಡ್ಡಿ ಹುಟ್ಟಲಿಲ್ಲ. ಸಾಹುಕಾರ ನೀಲವ್ವನ ಕೊರಳಿನ ಬಂಗಾರದ ಗುಂಡು ಬಿಚ್ಚಿಸಿಕೊಂಡ. ಆ ದಿನ ಬಸಲಿಂಗ ಅಡಕತ್ತರಿ ಹಿಡಿದು ಸಂತೆಯೆಲ್ಲ ಸುತ್ತಿದ. "ಹಿತ್ತಾಳಿ ತೂಕಕ್ಕ ಏನ್ ಬರತೈತೋ ಅಷ್ಟ," ಎಂದರು ಎಲ್ಲರೂ. ಅಷ್ಟು ಕಾಸಿಗೆ ಒಂದು ಸೇರು ಜೋಳವೂ ಬರುತ್ತಿರಲಿಲ್ಲ.

ಮೂರನೆಯ ಅಮಾವಾಸ್ಯೆ ಬಂತು. ಸಾಹುಕಾರ ಮಗ್ಗವನ್ನೇ ಕಿತ್ತುಕೊಂಡು ಹೋದ. ಇನ್ನು ಬಡ್ಡಿ ಎಲ್ಲಿಂದ ತರುವುದು? ಬಸಲಿಂಗ ಸಾಹುಕಾರನ ಸುಣ್ಣದ ಭಟ್ಟಿಯಲ್ಲಿ ದುಡಿಯಲು ನಿಂತ. ರೇಷ್ಮೆ ಎಳೆ ಹಿಡಿದ ಬೆರಳುಗಳು ಸುಣ್ಣ ಹಿಡಿದವು. ಸುಟ್ಟವು, ಬಿರಿದವು, ರಕ್ತ ಸುರಿಸಿದವು.

ಒಂದು ಸಂಜೆ ಬಸಲಿಂಗ ಜ್ವರ ಬಂದು ಮಲಗಿದ. ಮನೆಯಲ್ಲಿ ಗಂಜಿಗೆ ಒಂದು ಹಿಡಿ ನುಚ್ಚಿಲ್ಲ. ನೀಲವ್ವ ಸಾಹುಕಾರನ ಬಾಗಿಲಲ್ಲಿ ಸೆರಗೊಡ್ಡಿ ನಿಂತಳು.

"ಒಂದು ಹಿಡಿ ನುಚ್ಚು ಕೊಡ್ರಿ ಸಾವ್ಕಾರ್ರ."

"ಕಣ್ಣು ಕಾಣಂಗಿಲ್ಲೇನು? ದೀಪ ಹಚ್ಚಿ ಆಗೇತಿ. ದೀಪ ಹಚ್ಚಿದ ಮ್ಯಾಲ ನಮ್ಮ ಮನಿಯಿಂದ ಒಂದು ಕಾಳೂ ಹೊರಗ ಹೋಗಂಗಿಲ್ಲ. ಲಕ್ಷ್ಮಿ ಹೋಗಿಬಿಡ್ತಾಳ."

ನೀಲವ್ವ ಅಲ್ಲೇ ನಿಂತುಬಿಟ್ಟಳು. ಒಂದು ಕಾಳು ಕೊಡದವನು ಅಂದು ಒಂದು ಚೀಲ ಬೆಳ್ಳಿ ಹೇಗೆ ಕೊಟ್ಟ? ಅಂದು ಲಕ್ಷ್ಮಿ ಹೋಗುವ ಭಯ ಅವನಿಗೆ ಯಾಕೆ ಆಗಲಿಲ್ಲ? ಹೋದ ಹಣ ತಿರುಗಿ ಬರುತ್ತದೆಂದು ಮೊದಲೇ ಗೊತ್ತಿತ್ತೇ? ಅವಳು ಅಲ್ಲಿಂದ ನೇರ ಅರಮನೆಯ ದಾರಿ ಹಿಡಿದಳು.

ರಾಜ ಅವಳ ಮಾತು ಕೇಳಿದ. ಕೇಳಿ ಪರೀಕ್ಷೆ ಮಾಡಿದ. ಮೊದಲ ಸಂಜೆ ಸಾಹುಕಾರನ ಮನೆಗೆ ಆಳು ಕಳಿಸಿ ಉಪ್ಪು ಕೇಳಿಸಿದ. ಕೊಡಲಿಲ್ಲ. ಎರಡನೆಯ ಸಂಜೆ ಸೂಜಿ ಕೇಳಿಸಿದ. ಕೊಡಲಿಲ್ಲ. ಮೂರನೆಯ ಸಂಜೆ ವೇಷ ಮರೆಸಿಕೊಂಡು ತಾನೇ ಹೋಗಿ, "ತಂದಿ ಸತ್ತಾನ, ಒಂದು ನಾಣ್ಯ ಕೊಡ್ರಿ," ಎಂದ. ಅದಕ್ಕೂ ಕದ ಮುಚ್ಚಿತು.

ಮರುದಿನ ಸಭೆಗೆ ಸಾಹುಕಾರನನ್ನು ಕರೆಸಿದರು.

"ದೀಪ ಹಚ್ಚಿದ ಮೇಲೆ ನಿನ್ನ ಮನೆಯಿಂದ ಹಣ ಎಂದಾದರೂ ಹೊರಗೆ ಹೋಗಿದೆಯೇ?" ಎಂದು ಕೇಳಿದ ರಾಜ.

ಸಾಹುಕಾರ ಎದೆ ಉಬ್ಬಿಸಿದ. "ನಮ್ಮ ಮುತ್ತಜ್ಜನ ಕಾಲದಿಂದ ಇಲ್ರಿ ದೊರೆ. ಕುಲದೇವರ ಆಣಿ."

ಆಗ ನೀಲವ್ವ ಮುಂದೆ ಬಂದಳು. "ನನ್ನ ಗಂಡಗ ನೀವು ಚೀಲ ಕೊಟ್ಟಿದ್ದು ದೀಪ ಹಚ್ಚಿದ ಮ್ಯಾಲ್ರಿ. ರೊಕ್ಕ ಹೊರಗ ಹೋಗಿಲ್ಲಂದ್ರ ನಮ್ಮ ಸಾಲಾನ ಇಲ್ಲ. ಹೋಗೇತಿ ಅಂದ್ರ ದೇವರ ಮುಂದ ಸುಳ್ಳು ಹೇಳೀರಿ. ಯಾವುದು ಖರೇ ಹೇಳ್ರಿ. ಇಲ್ಲಂದ್ರ ನಿಮ್ಮ ಪೆಟ್ಟಿಗಿ ತೆಗಸ್ರಿ. ಆ ಚೀಲಕ್ಕ ನಾ ಕೆಂಪು ಎಳಿ ಕಟ್ಟೀನಿ."

ರಾಜ ಭಟರನ್ನು ಸಾಹುಕಾರನ ಮನೆಗೆ ಓಡಿಸಿದ. ಭಟರು ಪೆಟ್ಟಿಗೆ ತಂದು ತೆರೆದರು. ಮೇಲುಗಡೆಯೇ ಚೀಲ, ಚೀಲದ ಮೇಲೆ ನೀಲವ್ವನ ಕೆಂಪು ಗಂಟು. ಮುಂಬಾಗಿಲಿಂದ ಹೋದ ಹಣ ಬೆಳಗಾಗುತ್ತಲೇ ಹಿತ್ತಲ ಬಾಗಿಲಿಂದ ಮನೆಗೆ ಬಂದಿತ್ತು. ಆ ವ್ಯಾಪಾರಿ ಬೇರೆ ಯಾರೂ ಅಲ್ಲ, ಸಾಹುಕಾರನ ಹೆಂಡತಿಯ ತಮ್ಮ. ಬಸಲಿಂಗನ ಹುಚ್ಚು ಊರಿಗೆಲ್ಲ ಗೊತ್ತಿತ್ತಲ್ಲ. ಅದಕ್ಕೆ ತಕ್ಕ ಗಾಳ ಹಾಕಿದ್ದರು.

ಸಾಹುಕಾರ, ವ್ಯಾಪಾರಿ ಇಬ್ಬರನ್ನೂ ರಾಜ ಸೆರೆಮನೆಗೆ ತಳ್ಳಿದ. ಸಾಲ ಇಲ್ಲವೆಂದು ಡಂಗುರ ಸಾರಿಸಿದ. ಬಂಗಾರದ ಗುಂಡು ಕೊಡಿಸಿದ. ಹಸು ಯಾವ ಸಂತೆಯಲ್ಲಿ ಯಾರ ಪಾಲಾಯಿತೋ ತಿಳಿಯಲಿಲ್ಲ. ಮಗ್ಗವನ್ನು ಸಾಹುಕಾರನ ಮನೆಯವರು ಆಗಲೇ ಸೀಳಿ ಬಚ್ಚಲ ಒಲೆಗೆ ಹಾಕಿದ್ದರು. ರಾಜ ಹೊಸ ಮಗ್ಗ ಮಾಡಿಸಿ ಕಳಿಸಿದ.

ಇಲ್ಲಿಗೆ ಸುಖವಾಗಿದ್ದರು ಅಂತ ಹೇಳಿ ಏಳಬಹುದಿತ್ತು. ಆದರೆ ಸುಳ್ಳು ಹೇಳಲಾರೆ.

ಬಸಲಿಂಗ ಹೊಸ ಮಗ್ಗದಲ್ಲಿ ಕೂತ. ರೇಷ್ಮೆ ಎಳೆ ಹಿಡಿದ. ಬಿರಿದ ಬೆರಳಿಗೆ ಸಿಕ್ಕಿ ಎಳೆ ಹರಿಯಿತು. ಗಂಟು ಹಾಕಿ ಮತ್ತೆ ಹಿಡಿದ, ಮತ್ತೆ ಹರಿಯಿತು. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಹಿಡಿದ, ಆಗಲೂ ಹರಿಯಿತು. ಅವನು ಮಗ್ಗದಿಂದ ಇಳಿದ. ಮತ್ತೆಂದೂ ಹತ್ತಲಿಲ್ಲ.

"ನೀ ಅಂದಿದ್ದಿ ನೀಲಿ. ನನಗ ಕೇಳಸಲಿಲ್ಲ," ಎಂದ.

ನೀಲವ್ವನಿಗೆ ಮಗ್ಗ ಆಡಿಸಲು ಬರುತ್ತಿರಲಿಲ್ಲ. ಅವರಿವರ ಮನೆಯ ನೂಲು ಸುತ್ತಲು ಕೂಲಿಗೆ ಹೋದಳು. ಬೆಳಗ್ಗೆ ಹೋದರೆ ಕತ್ತಲಾಗುವಾಗ ಬರುತ್ತಿದ್ದಳು. ಅವಳು ಬರುವ ತನಕ ಬಸಲಿಂಗ ಒಬ್ಬನೇ ಕೂತು ಆ ಅಡಕತ್ತರಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಈಗ ಅದು ಪೂರ್ತಿ ಅವನದೇ. ಕತ್ತರಿಸೋಣವೆಂದರೆ ಮನೆಯಲ್ಲಿ ಒಂದು ಅಡಿಕೆಯೂ ಇರಲಿಲ್ಲ.

ನೀತಿ ಕೇಳಿ. ನೋಡಿ ಖುಷಿಪಡುವ ವಸ್ತುವನ್ನು ಕೈಯಲ್ಲಿದ್ದ ಕಾಸಿನಿಂದ ಕೊಳ್ಳಿ, ಇಲ್ಲವಾದರೆ ನೋಡಿ ಸುಮ್ಮನೆ ಬನ್ನಿ. ಅದಕ್ಕಾಗಿ ಸಾಲ ಮಾಡಬೇಡಿ. ಮೋಸ ಮಾಡಿದವನಿಗೆ ಶಿಕ್ಷೆ ಆಯಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳಲೂ ಬೇಡಿ. ರಾಜ ಸಾಲ ರದ್ದು ಮಾಡಿದ, ಬೆರಳು ಕೊಡಿಸಲು ಅವನಿಂದಲೂ ಆಗಲಿಲ್ಲ.

ಏಳಿ ಇನ್ನು, ಮನೆಗೆ ಹೋಗಿ. ದೀಪ ಹಚ್ಚುವ ಹೊತ್ತಾಯಿತು.