ಎಂಬತ್ತಮೂರು ಸಲ ಸೋತ ನಾಯಕ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜು ಲೈಬ್ರರಿಯ ಜಲಜಾಕ್ಷಿ ಮೇಡಂ. ಚೆಸ್ಸಿನಲ್ಲಿ ಅವರು ನನ್ನನ್ನು ಹದಿನೇಳನೇ ಸಲ ಸೋಲಿಸಿದ್ದರು. ನಾನು "ಬೆಳಕು ಸರಿಯಿರಲಿಲ್ಲ ಮೇಡಂ" ಅಂದಿದ್ದೆ. ಅವರು ಕಾಯಿಗಳನ್ನು ಡಬ್ಬಿಗೆ ತುಂಬುತ್ತಾ ಶುರುಮಾಡಿದರು.

ಕರಡಿಗುಡ್ಡದ ಪಾಳೆಗಾರ ಹಾಲಪ್ಪ ನಾಯಕನಿಗೆ ಚದುರಂಗವೆಂದರೆ ಪ್ರಾಣ. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಆಟ ಸೋತಿರಲಿಲ್ಲ. ಸೋಲುವುದು ಅಷ್ಟು ಸುಲಭವೂ ಇರಲಿಲ್ಲ ಅನ್ನಿ. ಆ ಅರಮನೆಯಲ್ಲೊಂದು ಪದ್ಧತಿಯಿತ್ತು: ದೊರೆಯ ಕಾಯಿ ಹೊಡೆಯುವ ಮೊದಲು ಎದುರಾಳಿ ಕೈಮುಗಿದು ಅಪ್ಪಣೆ ಕೇಳಬೇಕು.

"ತಮ್ಮ ಮಂತ್ರಿಯನ್ನು ಹೊಡೆಯಲು ಅಪ್ಪಣೆಯೇ, ಬುದ್ದಿ?" ಎಂದು ದಳವಾಯಿ ಓಬಯ್ಯ ಕೇಳುವನು.

"ಓಹೋ, ಅಲ್ಲಿ ನಿನ್ನ ಕುದುರೆ ಇದೆಯೋ? ತಾಳು ತಾಳು!" ನಾಯಕ ಮಂತ್ರಿಯನ್ನೆತ್ತಿ ಬೇರೆ ಮನೆಯಲ್ಲಿಡುವನು. ಓಬಯ್ಯ ಸೋತು ಊಟಕ್ಕೆ ಹೋಗುವನು.

ಪಕ್ಕದಲ್ಲಿ ನಿಂತು ವೀಳ್ಯ ಮಡಿಸಿ ಕೊಡುತ್ತಿದ್ದ ಸಣ್ಣೀರಮ್ಮ ಹನ್ನೆರಡು ವರ್ಷವೂ ಇದನ್ನು ನೋಡಿದವಳು. ಆಟ ಪೂರ್ತಿ ಕಲಿತಿದ್ದಳು. ಬಾಯಿ ಮಾತ್ರ ಬಿಟ್ಟಿರಲಿಲ್ಲ.

ಒಂದು ದಿನ ನಾಯಕ ತುಂಬಿದ ಚಾವಡಿಯಲ್ಲಿ ಮೀಸೆ ತೀಡಿದ. "ಎಂಟು ದಿಕ್ಕಿನಲ್ಲಿ ನನ್ನ ಸಮ ಯಾರಿದ್ದಾರೆ? ಗರುಡನಹಟ್ಟಿಯ ಸೂರಪ್ಪ ನಾಯಕನಿಗೆ ಓಲೆ ಬರೆಯಿರಿ. ಬಂದು ಆಡಲಿ. ಗೆದ್ದವರ ಕಡೆಯ ತೂಬು ಈ ವರ್ಷ ಮೊದಲು ತೆರೆಯಲಿ!"

ಎರಡು ಪಾಳೆಯಕ್ಕೂ ಇದ್ದದ್ದು ಒಂದೇ ಕೆರೆ. ಮೊದಲು ತೂಬು ತೆರೆದವರಿಗೆ ನೀರು, ಆಮೇಲಿನವರಿಗೆ ಕೆಸರು. ಕರಡಿಗುಡ್ಡದ ತೂಬಿನ ಕೆಳಗೆ ಸಣ್ಣೀರಮ್ಮನ ಗದ್ದೆಯೂ ಇತ್ತು, ಊರವರೆಲ್ಲರ ಗದ್ದೆಯೂ ಇತ್ತು. ಅವಳ ಕೈಯಲ್ಲಿದ್ದ ಅಡಕತ್ತರಿ ಅಲ್ಲೇ ನಿಂತಿತು.

ನಾಲ್ಕನೇ ದಿನ ಉತ್ತರ ಬಂತು. "ಸಂತೋಷ. ತಿಂಗಳು ಬಿಟ್ಟು ಬರುತ್ತೇನೆ. ಆದರೆ ನಮ್ಮ ಕಡೆ ಹೊಡೆಯಲು ಅಪ್ಪಣೆ ಕೇಳುವ ರೂಢಿ ಇಲ್ಲ."

ನಾಯಕನ ಹಣೆಯಲ್ಲಿ ಬೆವರು ಮೂಡಿತು. ಸಭೆಯ ಕಡೆ ತಿರುಗಿದ. "ತಿಂಗಳೊಳಗೆ ನನ್ನ ಆಟ ಸುಧಾರಿಸಬೇಕು. ಹಾಗಂತ ಯಾರೂ ನನ್ನನ್ನು ಸೋಲಿಸಕೂಡದು! ಸುಧಾರಿಸಿದವರಿಗೆ ಈ ಚಿನ್ನದ ಕಡಗ. ಸೋಲಿಸಿದವರಿಗೆ ಕೋಟೆಯ ಹೊರಬಾಗಿಲು."

ಅರಮನೆಯ ಶಾಸ್ತ್ರಿಗಳು ತಾಳೆಗರಿ ತಂದು ಆಟ ಶುರುಮಾಡುವ ಇಪ್ಪತ್ತು ಬಗೆಗಳನ್ನು ಬಾಯಿಪಾಠ ಮಾಡಿಸಿದರು. ಓಬಯ್ಯ ತಿಳಿಯದೆ ಇಪ್ಪತ್ತೊಂದನೆಯ ಬಗೆ ಆಡಿಬಿಟ್ಟ. ನಾಯಕನಿಗೆ ಅಷ್ಟೂ ಮರೆತುಹೋಯಿತು.

ಆಗ ಸಣ್ಣೀರಮ್ಮ ವೀಳ್ಯದ ತಟ್ಟೆ ಕೆಳಗಿಟ್ಟಳು. "ನಾನು ನೋಡಲೇ, ಬುದ್ದಿ?"

"ನೀನಾ? ಎಲೆ ಮಡಿಸುವವಳು?"

"ಹೌದು ಬುದ್ದಿ. ಶತ್ರುವನ್ನು ಗೆಲ್ಲಬೇಕಾದರೆ ಅವನ ತಲೆಯೊಳಗೆ ಹೊಗಬೇಕಲ್ಲವೇ? ಈ ತಿಂಗಳು ತಾವು ಆ ಕಡೆ ಕೂತು ಸೂರಪ್ಪ ನಾಯಕನಾಗಿ ಆಡಿ. ತಮ್ಮ ಕಾಯಿಗಳನ್ನು ತಮ್ಮ ಪರವಾಗಿ ನಾನು ನಡೆಸುತ್ತೇನೆ. ಸೋತರೆ ಅವನು ತಾನೇ ಸೋಲುವುದು?"

ನಾಯಕನಿಗೆ ಇದು ಬಹಳ ರುಚಿಸಿತು. "ಹೊಡೆಯುವಾಗ ಅಪ್ಪಣೆ?"

"ಶತ್ರುವಿಗೆ ಅಂಥ ಮರ್ಯಾದೆ ಯಾಕೆ ಬುದ್ದಿ?"

ಮೊದಲ ಆಟದಲ್ಲೇ 'ಸೂರಪ್ಪ'ನ ಮಂತ್ರಿ ಕುದುರೆಯ ಬಾಯಿಗೆ ಬಿತ್ತು. ಎರಡು ವೀಳ್ಯ ಜಗಿಯುವಷ್ಟರಲ್ಲಿ ಆಟ ಮುಗಿಯಿತು. "ಸೂರಪ್ಪ ಸೋತ!" ಎಂದು ನಾಯಕನೇ ಚಪ್ಪಾಳೆ ತಟ್ಟಿ ನಗಾರಿ ಬಾರಿಸಿದ.

"ಪಾಪ, ಎಲ್ಲಿ ಎಡವಿದ ಅವನು? ಸಭೆಗೆ ತಾವೇ ಬಿಡಿಸಿ ಹೇಳಬೇಕು," ಎಂದಳು ಸಣ್ಣೀರಮ್ಮ.

ನಾಯಕ ಹುಮ್ಮಸ್ಸಿನಿಂದ ಕಾಯಿಗಳನ್ನು ಮತ್ತೆ ಜೋಡಿಸಿದ. "ಇಲ್ಲಿ ನೋಡ್ರಯ್ಯಾ! ಒಂದು ಕಾಲಾಳಿನ ಆಸೆಗೆ ಮಂತ್ರಿಯನ್ನು ಮುಂದೆ ತಂದ. ಕುದುರೆ ಕಣ್ಣಿಗೇ ಬೀಳಲಿಲ್ಲ ಪೆದ್ದನಿಗೆ! ಕಾಯಿ ಮುಟ್ಟುವ ಮೊದಲು ಎದುರಿನವನು ಏನು ಮಾಡಿಯಾನು ಅಂತ ನೋಡಬಾರದೇ?"

"ನೋಡಬೇಕು ಬುದ್ದಿ. ಅದಕ್ಕೇ, ಪ್ರತಿ ನಡೆಗೆ ಮೊದಲು ಅವನು ಒಂದು ಎಲೆ ಮಡಿಸಲಿ. ಕೈಯ ಆತುರ ಕಡಿಮೆಯಾಗುತ್ತದೆ."

ದಿನಕ್ಕೆ ಮೂರು-ನಾಲ್ಕು ಆಟ, ದಿನಾ ಸೋಲು, ದಿನಾ ನಗಾರಿ. ಪ್ರತಿ ಸೋಲಿಗೂ ಸಣ್ಣೀರಮ್ಮ ಗೋಡೆಯ ಮೇಲೆ ಸುಣ್ಣದ ಬೊಟ್ಟು ಇಡುವಳು. ನಾಯಕ ಸೂರಪ್ಪನ ದಡ್ಡತನವನ್ನು ಗಂಟೆಗಟ್ಟಲೆ ವರ್ಣಿಸುವನು. ಕೊನೆಕೊನೆಗೆ ಮಾತ್ರ ಆಟ ಮಧ್ಯಾಹ್ನದವರೆಗೂ ಎಳೆಯತೊಡಗಿತು. ಬೊಟ್ಟು ಎಂಬತ್ತಮೂರಕ್ಕೆ ನಿಂತಿತು. ಆಮೇಲೆ ಮೂರು ದಿನ ಸಣ್ಣೀರಮ್ಮನಿಗೆ ಬೊಟ್ಟಿಡುವ ಕೆಲಸವೇ ಇರಲಿಲ್ಲ.

ನಿಜವಾದ ಸೂರಪ್ಪ ನಾಯಕ ಬಂದ. ಕೂತವನೇ ಅಪ್ಪಣೆ ಗಿಪ್ಪಣೆ ಇಲ್ಲದೆ ಒಂದು ಕಾಲಾಳನ್ನು ಹೊಡೆದ. ಓಬಯ್ಯ "ಅಯ್ಯೋ!" ಎಂದು ಕಣ್ಣು ಮುಚ್ಚಿಕೊಂಡ. ಹಾಲಪ್ಪ ನಾಯಕನ ಕೈ ಹಳೇ ಚಾಳಿಯಂತೆ ಮಂತ್ರಿಯ ಕಡೆ ಹೊರಟಿತು. ಸಣ್ಣೀರಮ್ಮ ಮೆಲ್ಲಗೆ ಒಂದು ಎಲೆ ಮುಂದಿಟ್ಟಳು.

ನಾಯಕ ಎಲೆ ಮಡಿಸಿದ. ಮಡಿಸುತ್ತಾ ಎದುರಿನ ಕುದುರೆ ನೋಡಿದ. ಕೈ ಹಿಂದಕ್ಕೆ ಬಂತು.

ಹದಿನೆಂಟು ಎಲೆ ಮುಗಿಯುವ ಹೊತ್ತಿಗೆ ಮಂತ್ರಿಯನ್ನು ಮುಂದೆ ತಂದು ಕಳೆದುಕೊಂಡವನು ಸೂರಪ್ಪ. ಇಪ್ಪತ್ತೈದನೆಯ ಎಲೆಗೆ ಹಾಲಪ್ಪನ ಆನೆ ಕೊನೆಯ ಸಾಲಿಗೆ ನುಗ್ಗಿತು. ಸೂರಪ್ಪನ ರಾಜ ಓಡೋಣವೆಂದರೆ ತನ್ನ ಕಾಲಾಳುಗಳೇ ಅಡ್ಡ.

ಕರಡಿಗುಡ್ಡದ ತೂಬು ತೆರೆಯಲು ಆಳು ಓಡಿದ. ಸಣ್ಣೀರಮ್ಮ ಕೈ ಚಾಚಿದಳು. "ಕಡಗ, ಬುದ್ದಿ."

ನಾಯಕ ಮೀಸೆಯಡಿಯಲ್ಲಿ ನಕ್ಕ. "ಯಾವ ಕಡಗ? ತಿಂಗಳೆಲ್ಲ ನಾನು ಒಂದಾಟವನ್ನೂ ಸೋಲಲಿಲ್ಲ. ಮೊದಲೂ ಸೋತಿರಲಿಲ್ಲ, ಈಗಲೂ ಇಲ್ಲ. ನೀನು ನನಗೆ ಕಲಿಸಿದ್ದಾದರೂ ಏನು?"

"ನಿಜ ಬುದ್ದಿ, ತಾವು ಸೋಲಲೇ ಇಲ್ಲ." ಅವಳು ಗೋಡೆಯ ಬೊಟ್ಟುಗಳ ಕಡೆ ತಿರುಗಿ, ಸೂರಪ್ಪ ನಾಯಕನಿಗೆ ಕೈಮುಗಿದಳು. "ಹಾಗಾದರೆ ಕಡಗ ಈ ದೊರೆಗೇ ಸಲ್ಲಲಿ. ಎಂಬತ್ತಮೂರು ಸಲ ಸೋತವರು ಇವರು, ಕಲಿತವರು ಮಾತ್ರ ತಾವು, ಬುದ್ದಿ!"

"ನಾನೇ? ಯಾವಾಗ?" ಸೂರಪ್ಪ ತಬ್ಬಿಬ್ಬಾದ.

ಹಾಲಪ್ಪ ನಾಯಕ ಗೋಡೆ ನೋಡಿದ, ಕೈಯಲ್ಲಿದ್ದ ಎಲೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕಡಗ ಕಳಚಿ ಅವಳ ತಟ್ಟೆಯಲ್ಲಿಟ್ಟು, "ಓಬಯ್ಯಾ, ಇನ್ನು ಮೇಲೆ ಅಪ್ಪಣೆ ಕೇಳಬೇಡವಯ್ಯಾ," ಎಂದ.

ಓಬಯ್ಯ ಆಗಲೇ ತೋಳೇರಿಸಿ ಎದುರು ಬಂದು ಕೂತಿದ್ದ. ಹನ್ನೆರಡು ವರ್ಷದ ಬಾಕಿ ನೋಡಿ.

ಕತೆ ಮುಗಿಸಿ ಜಲಜಾಕ್ಷಿ ಮೇಡಂ ನನ್ನನ್ನು ಹದಿನೆಂಟನೇ ಸಲ ಸೋಲಿಸಿದರು. ನಿಮ್ಮ ಮನೆಯಲ್ಲೂ ಸೋತ ಕೂಡಲೇ ಹಲಗೆ ಮಗುಚುವವರಿದ್ದರೆ ಅವರಿಗೆ ಈ ಕತೆ ದಾಟಿಸಿ. ಚೆಲ್ಲಿದ ಕಾಯಿಗಳನ್ನು ಮೊದಲು ಅವರ ಕೈಯಿಂದಲೇ ಹೆಕ್ಕಿಸಿ.