ಒಳಗೆ ಮನೆಯವರಿದ್ದಾರೆಯೇ?

“ಗುರುಗಳೇ, ಬಚ್ಚಿಡಲು ಏನೂ ಇಲ್ಲದವನು ತಪಾಸಣೆಗೆ ಬಂದವರನ್ನು ಬಾಗಿಲಲ್ಲಿ ಏಕೆ ತಡೆಯಬೇಕು?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಒಂದು ಹೊಳೆಯಲ್ಲಿ ಒಬ್ಬ ಅಂಬಿಗನಿದ್ದನು. ಸರಕು ಸಾಗಿಸುವ ದೋಣಿಯೇ ಅವನ ಮನೆ. ಆ ಹೊಳೆಯ ಕಾವಲಿನವರು ಯಾವ ದೋಣಿಯನ್ನಾದರೂ ಹತ್ತಿ ಸರಕನ್ನು ಶೋಧಿಸಬಹುದಿತ್ತು. ಆದರೆ ದೋಣಿಯವರು ವಾಸಿಸುವ, ಒಲೆಯಿರುವ ಗೂಡಿಗೆ ಕಾಲಿಡುವ ಮೊದಲು, “ಒಳಗೆ ಮನೆಯವರಿದ್ದಾರೆಯೇ?” ಎಂದು ಕೇಳಲೇಬೇಕೆಂಬ ಕಟ್ಟಳೆಯಿತ್ತು. ಇದ್ದಾರೆ ಎಂದರೆ, ಅಂಬಿಗನ ಹೆಂಡತಿ ತಾನಾಗಿ ಹೊರಗೆ ಬರುವವರೆಗೆ ಕಾಯಬೇಕು. ಇಲ್ಲ ಎಂದರೆ ಒಳಗೆ ಹೋಗಬಹುದು.

ಅಂದು ಎಂದಿನಂಥದೇ ದಿನ. ಹೆಂಚು ತುಂಬಿಕೊಂಡು ಹೋಗುತ್ತಿದ್ದ ದೋಣಿಯನ್ನು ಹೊಸ ಕಾವಲುಗಾರನೊಬ್ಬನು ನಿಲ್ಲಿಸಿದನು. ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದು ಹತ್ತಿದನು. ಹೆಂಚುಗಳನ್ನು ಸರಿಸಿ ನೋಡಿದನು. ಆಮೇಲೆ ಗೂಡಿನ ಮುಂದೆ ನಿಂತು, ಕಟ್ಟಳೆಯಂತೆ ಕೇಳಿದನು.

“ಇದ್ದಾರೆ,” ಎಂದನು ಅಂಬಿಗ.

ಇಪ್ಪತ್ತು ವರ್ಷ ಹೇಳಿದ್ದ ಮಾತು ತಾನಾಗಿಯೇ ಬಾಯಿಗೆ ಬಂದಿತ್ತು. ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ತೀರಿಕೊಳ್ಳುವ ಹಿಂದಿನ ದಿನ ಅವಳು, ಹಲಗೆಯ ಮೇಲೆ ಮಣ್ಣು ಮೆತ್ತಿದ್ದ ಗೂಡಿನ ನೆಲವನ್ನು ಸಾರಿಸಿದ್ದಳು. ಅವಳ ಬೆರಳಿನ ಗೆರೆಗಳು ನೆಲದ ಮೇಲೆ ಹಾಗೆಯೇ ಇದ್ದವು. ಅವು ಅಳಿಸಿಹೋಗಬಾರದೆಂದು ಅಂಬಿಗನು ಒಳಗೆ ಕಾಲಿಟ್ಟಿರಲಿಲ್ಲ. ಹೊರಗೇ ಬೇಯಿಸಿಕೊಂಡು, ಹೊರಗೇ ಮಲಗುತ್ತಿದ್ದನು.

ಕಾವಲುಗಾರನು ಹಿಂದೆ ಸರಿದು, ಮುಖ ತಿರುಗಿಸಿ ಕಾದನು. ಯಾರೂ ಬರಲಿಲ್ಲ. ಅಂಬಿಗನೂ ಬಾಗಿಲನ್ನೇ ನೋಡುತ್ತ ನಿಂತಿದ್ದನು.

“ಏನಯ್ಯಾ, ನಿನ್ನ ಮನೆಯವರು ಸೀರೆ ಉಡುತ್ತಿದ್ದಾರೋ, ನೇಯುತ್ತಿದ್ದಾರೋ?”

“ಬಾಯಿ ತಪ್ಪಿತು, ಸ್ವಾಮಿ. ಅವಳು ಈಗ ಇಲ್ಲ. ಆದರೆ ನೆಲ ಅವಳು ಸಾರಿಸಿದ್ದು. ದಯಮಾಡಿ ಇಲ್ಲಿಂದಲೇ ಬಗ್ಗಿ ನೋಡಿ.”

“ಒಮ್ಮೆ ಇದ್ದಾರೆ ಅನ್ನುತ್ತೀಯೆ, ಒಮ್ಮೆ ಇಲ್ಲ ಅನ್ನುತ್ತೀಯೆ. ಇನ್ನು ಇಲ್ಲಿಂದಲೇ ನೋಡು ಅಂದರೆ ನಂಬಲು ನಾನೇನು ನಿನ್ನ ಭಾವಮೈದುನನೇ?”

ಅವನು ಒಳಗೆ ಹೋದನು. ಒದ್ದೆ ಕಾಲಿನಲ್ಲೇ ಮೂಲೆ ಮೂಲೆ ಹುಡುಕಿದನು. ಒಂದು ಒಲೆ, ಎರಡು ಮಡಕೆ, ಸುತ್ತಿಟ್ಟ ಚಾಪೆ. ಅವನು ಕೆಟ್ಟವನಲ್ಲ. ಹೊರಗೆ ಬಂದು, “ಏನೂ ಇಲ್ಲವಲ್ಲ, ಇಷ್ಟಕ್ಕೇಕೆ ಹೆದರಿದೆ? ಹೋಗು,” ಎಂದು ದೋಣಿಯನ್ನು ಹೋಗಲು ಬಿಟ್ಟನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನು, “ಆಮೇಲೆ ಅಂಬಿಗನು ಏನು ಮಾಡಿದನು?” ಎಂದು ಕೇಳಿದನು.

“ಮರುದಿನ ಆ ನೆಲವನ್ನು ತಾನೇ ಸಾರಿಸಿದನು.”